ಎತ್ತರದ ಅರ್ಧ ದಾರ

ಮುಂಬಯಿಗೆ ಮೊದಮೊದಲು ಬಂದ ನಮ್ಮ ವಯಸ್ಸಿನವರಿಗೆ ರೈಲ್ವೆ ಪ್ಲಾಟ್‌ಫಾರ್ಮಿನ ತೂಕದ ಯಂತ್ರ ನೆನಪಿರಬೇಕು. ಬಣ್ಣಬಣ್ಣದ ಬಲ್ಬು, ಒಳಗೆ ತಿರುಗುವ ಚಕ್ರ, ಮೇಲೆ ಹತ್ತಿ ನಾಣ್ಯ ಹಾಕಿದರೆ ಟಪ್ಪೆಂದು ಬೀಳುವ ಸಣ್ಣ ರಟ್ಟಿನ ಚೀಟಿ. ಚೀಟಿಯಲ್ಲಿ ತೂಕ, ಜೊತೆಗೆ ಒಂದು ಸಾಲು ಭವಿಷ್ಯ. ತೂಕವನ್ನು ನಂಬುತ್ತಿದ್ದೆವು, ಭವಿಷ್ಯ ಓದಿ ನಗುತ್ತಿದ್ದೆವು. ಈಗ ಆ ಯಂತ್ರಗಳು ಹೆಚ್ಚೂಕಡಿಮೆ ಕಾಣೆಯಾಗಿವೆ. ಅವುಗಳ ಕೆಲಸವನ್ನು ಆಫೀಸುಗಳ ಹೆಲ್ತ್ ಕ್ಯಾಂಪ್ ವಹಿಸಿಕೊಂಡಿದೆ. ಅದೂ ತೂಕ ಹೇಳುತ್ತದೆ, ಅದರ ಮೇಲಿಂದ ಭವಿಷ್ಯವನ್ನೂ ಹೇಳುತ್ತದೆ: ಹಸಿರು ಬಣ್ಣದಲ್ಲಿ ‘ನಾರ್ಮಲ್’, ಕೆಂಪು ಬಣ್ಣದಲ್ಲಿ ‘ಓವರ್‌ವೇಟ್’. ವ್ಯತ್ಯಾಸ ಇಷ್ಟೇ, ಈ ಭವಿಷ್ಯ ಓದಿ ಯಾರೂ ನಗುವುದಿಲ್ಲ.

ನಾನು ಗದಗಿನ ಕಡೆಯವನು. ಸುರತ್ಕಲ್ಲಿನಲ್ಲಿ ಎಂಟೆಕ್ ಮುಗಿಸಿ ಕೆಲಸಕ್ಕೆಂದು ಈ ಕಡೆ ಬಂದು, ಬಾಡಿಗೆಮನೆಗಳನ್ನು ಬದಲಿಸುತ್ತ ಬದಲಿಸುತ್ತ ಬೇಲಾಪುರದಲ್ಲಿ ನೆಲೆನಿಂತವನು. ಅಕ್ಕನ ಮಗ ಕಳೆದ ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾನೆ. 23 ವರ್ಷ, ಮೊದಲ ನೌಕರಿ, ಐರೋಲಿಯಲ್ಲಿ ಆಫೀಸು. ಬೆಳಿಗ್ಗೆ ಥಾಣೆ ಲೋಕಲ್ ಹತ್ತಿದರೆ ರಾತ್ರಿ ಒಂಬತ್ತೋ ಹತ್ತೋ. ಅವನ ಆಫೀಸಿನಲ್ಲೂ ಕ್ಯಾಂಪ್ ಆಯಿತು. ಎತ್ತರ 171 ಸೆಂಟಿಮೀಟರ್, ತೂಕ 66 ಕಿಲೋ, ಬಿಎಂಐ 22.6. ಹಸಿರು.

“ನೋಡ್ರಿ ಮಾಮಾ, ಫುಲ್ ನಾರ್ಮಲ್” ಎಂದು ಮೊಬೈಲ್ ನನ್ನ ಮುಂದೆ ಹಿಡಿದ.

ಅನ್ನ ಬಡಿಸುತ್ತಿದ್ದ ನನ್ನ ಹೆಂಡತಿ, “ಆ ಅಂಕಿ ನಿನ್ನ ಹೊಟ್ಟಿ ನೋಡಿಲ್ಲ ಬಿಡು” ಅಂದಳು. ಎಲ್ಲರೂ ನಕ್ಕೆವು. ಆದರೆ ಅವಳ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ಆ ಮೈಕಟ್ಟನ್ನು ನಾನು ಮೊದಲೇ ಕಂಡಿದ್ದೆ. ಅದು ನನ್ನ ಅಪ್ಪನದು.

ಅಪ್ಪನನ್ನು ಊರಲ್ಲಿ ಯಾರೂ ದಪ್ಪ ಅಂದವರಿಲ್ಲ. ತೋಳು ಕಡ್ಡಿ, ಕಾಲು ಕಡ್ಡಿ, ಕೆನ್ನೆಯ ಎಲುಬು ಎದ್ದು ಕಾಣುವ ಮುಖ. ಧೋತರ ಉಟ್ಟಾಗ ಮಾತ್ರ ಅಂಗಿಯ ಕೆಳಗೆ ಸಣ್ಣ ಗಡಿಗೆಯಂಥ ಹೊಟ್ಟೆ. 54ನೇ ವಯಸ್ಸಿನಲ್ಲಿ ಎದೆನೋವು ಬಂದು, ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ತೀರಿಕೊಂಡ. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಕೇಳಿದರು: “ಕಡ್ಡಿ ಹಾಂಗ ಇದ್ದ ಮನುಷ್ಯಾಗ ಹೆಂಗ ಬಂತು ಇದು?” ಆಗ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಅಕ್ಕನಿಗೆ 38ಕ್ಕೆ ಸಕ್ಕರೆ ಕಾಯಿಲೆ ಬಂತು. ಈಗ ಅವಳ ಮಗ ಹಸಿರು ಅಂಕಿ ಹಿಡಿದು ನಿಂತಿದ್ದ.

ಈ ಬಿಎಂಐ ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವವನು ವೈದ್ಯನಲ್ಲ, ಖಗೋಳಶಾಸ್ತ್ರಜ್ಞ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಅಂಕಿಗಳಲ್ಲಿ ಹುಡುಕುತ್ತಿದ್ದ. ವಯಸ್ಕರ ತೂಕ ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಅವನಿಗೆ ಕಂಡಿತು. ಬೊಜ್ಜಿನ ಚಿಂತೆ ಅವನಿಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆ ನೋಡಿ, ಇದ್ದ ಸೂತ್ರಗಳಲ್ಲಿ ಇದೇ ವಾಸಿ ಎಂದು ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರಿಟ್ಟರು. ಆ ಲೆಕ್ಕದಲ್ಲಿ ಹೆಂಗಸರಿರಲಿಲ್ಲ, ಭಾರತದವರೂ ಇರಲಿಲ್ಲ. ದೊಡ್ಡ ಗುಂಪೊಂದರ ಸ್ಥಿತಿ ತಿಳಿಯಲು ಅದು ಈಗಲೂ ಒಳ್ಳೆಯ ಸಾಧನವೇ. ಆದರೆ ನಿಂತಿರುವ ಒಬ್ಬ ಹುಡುಗನ 66 ಕಿಲೋದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಎಂಬುದನ್ನು ಅದು ಹೇಳಲಾರದು.

ಇದನ್ನು ಎಲ್ಲರಿಗೂ ಅರ್ಥವಾಗುವಂತೆ ತೋರಿಸಿದವರು ನಮ್ಮಿಂದ ಘಾಟು ಹತ್ತಿದರೆ ಸಿಗುವ ಪುಣೆಯ ವೈದ್ಯರು. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಪ್ರೊ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಒಂದೇ ಅಂಕಿ, ಎರಡು ಪಟ್ಟಿಗಿಂತ ಹೆಚ್ಚು ಕೊಬ್ಬು. ಇಬ್ಬರ ಹೆಸರಿನ ಮೊದಲ ಅಕ್ಷರ ಹಿಡಿದು ಇದನ್ನು ವೈ-ವೈ ವಿರೋಧಾಭಾಸ ಎಂದು ಕರೆಯುತ್ತಾರೆ. ಹುಟ್ಟಿದಾಗಲೇ ಇದರ ಬೇರು ಇದೆ ಎಂಬುದನ್ನೂ ಪುಣೆಯ ಸುತ್ತಲಿನ ಹಳ್ಳಿಗಳ ಅಧ್ಯಯನ ತೋರಿಸಿತು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆಯಾಗಿತ್ತು, ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ನೋಡಲು ತೆಳು, ಒಳಗೆ ಕೊಬ್ಬು. ಅಪ್ಪನ ಮಣ್ಣಿನ ದಿನ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಉತ್ತರ ಇದು.

ಚರ್ಮದ ಕೆಳಗಿನ ಕೊಬ್ಬು ಕಣ್ಣಿಗೆ ಕಾಣುತ್ತದೆ, ಚಿವುಟಿದರೆ ಕೈಗೆ ಸಿಗುತ್ತದೆ. ಕರುಳಿನ ಸುತ್ತ, ಲಿವರಿನ ಒಳಗೆ ಕೂತ ಕೊಬ್ಬು ಹಾಗಲ್ಲ. ಅಲ್ಲಿಂದ ಕೊಬ್ಬಿನಾಮ್ಲಗಳು ನೇರ ಲಿವರಿಗೆ ಹರಿಯುತ್ತವೆ, ಇನ್ಸುಲಿನ್ನಿನ ಮಾತು ಲಿವರಿಗೆ ಕೇಳದಂತಾಗುತ್ತದೆ, ಸಕ್ಕರೆ ಏರತೊಡಗುತ್ತದೆ. ಈ ಒಳಗೊಬ್ಬಿನ ಅಂದಾಜು ಸಿಗುವುದು ತಕ್ಕಡಿಯಿಂದಲ್ಲ, ಸೊಂಟದ ಸುತ್ತಳತೆಯಿಂದ.

ನಮ್ಮ ಕಡೆ ಗಂಡುಹುಡುಗರ ಸೊಂಟಕ್ಕೆ ಉಡದಾರ ಇರುತ್ತಿತ್ತು. ಕಪ್ಪೋ ಕೆಂಪೋ ದಾರ. ನನ್ನ ಅಜ್ಜಿ ಎಣ್ಣೆ ಹಚ್ಚುವಾಗ ಉಡದಾರದ ಕೆಳಗೆ ಎರಡು ಬೆರಳು ಹಾಕಿ ನೋಡುತ್ತಿದ್ದಳು. ಸಲೀಸಾಗಿ ಹೋದರೆ “ಹುಡುಗ ಇಳದಾನ”, ಬಿಗಿಯಾದರೆ “ಮೈ ಹತ್ತೇತಿ”. ಅವಳ ಕಾಲಕ್ಕೆ ಬಿಗಿಯಾಗುವುದೇ ಸಂಭ್ರಮ. ಉಡದಾರ ಕೂರುವ ಜಾಗ ವೈದ್ಯರು ಅಳೆಯುವ ಜಾಗಕ್ಕಿಂತ ಕೆಳಗೆ, ಅದು ಬೇರೆ. ಆದರೆ ದೇಹವನ್ನು ಅದರದೇ ದಾರದಿಂದ ಅಳೆಯುವ ಬುದ್ಧಿ ನಮಗೆ ಹೊಸದಲ್ಲ. ಉಡದಾರದ ಜಾಗಕ್ಕೆ ಬೆಲ್ಟ್ ಬಂತು. ಬೆಲ್ಟ್ ಹೊಟ್ಟೆ ಬಂದಂತೆ ಕೆಳಗೆ ಜಾರಿಕೊಂಡು ಸುಮ್ಮನಿರುತ್ತದೆ. ಆದ್ದರಿಂದಲೇ “ನಂದು ಕಾಲೇಜಿನಿಂದ ಇವತ್ತಿನವರೆಗೂ 32 ಸೈಜೇ” ಎನ್ನುವವರ ಮಾತು ಸುಳ್ಳಲ್ಲದಿದ್ದರೂ ನಿಜವಲ್ಲ. ಪ್ಯಾಂಟಿನ ಸೈಜು ಹೊಟ್ಟೆಯ ಕೆಳಗಿನ ಸುದ್ದಿ ಹೇಳುತ್ತದೆ, ಹೊಟ್ಟೆಯದಲ್ಲ.

ಆ ಭಾನುವಾರ ಹೊಲಿಗೆ ಡಬ್ಬಿಯಿಂದ ದಪ್ಪ ದಾರ ತೆಗೆದೆವು. ಬರಿಗಾಲಲ್ಲಿ ಹುಡುಗನನ್ನು ಗೋಡೆಗೆ ನಿಲ್ಲಿಸಿ ನೆತ್ತಿಯಿಂದ ಹಿಮ್ಮಡಿವರೆಗೆ ದಾರ ಅಳೆದು ಕತ್ತರಿಸಿ, ಮಧ್ಯಕ್ಕೆ ಮಡಿಸಿ, ಮಡಿಕೆಯಲ್ಲಿ ಎರಡು ಮಾಡಿದೆವು. ಒಂದು ತುಂಡು ಎಂದರೆ ಅವನ ಎತ್ತರದ ಅರ್ಧ. ಅದನ್ನು ಸೊಂಟಕ್ಕೆ ಸುತ್ತಿದಾಗ ಎರಡು ತುದಿ ಕೂಡಬೇಕು. ಕೂಡದಿದ್ದರೆ ಸೊಂಟ ಎತ್ತರದ ಅರ್ಧಕ್ಕಿಂತ ಹೆಚ್ಚು ಎಂದರ್ಥ.

ಸುತ್ತುವ ಜಾಗ ಮುಖ್ಯ. ಬೆಲ್ಟ್ ಕಟ್ಟುವಲ್ಲಿ ಅಲ್ಲ. ಪಕ್ಕದಲ್ಲಿ ಕೈಯಾಡಿಸಿದರೆ ಕೊನೆಯ ಪಕ್ಕೆಲುಬು ಸಿಗುತ್ತದೆ, ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಎರಡರ ನಟ್ಟನಡುವೆ ಸುತ್ತಬೇಕು. ಬಟ್ಟೆಯ ಮೇಲಲ್ಲ, ಮೈಮೇಲೆ. ದಾರ ಸುತ್ತಲೂ ನೆಲಕ್ಕೆ ಸಮನಾಗಿರಬೇಕು, ಚರ್ಮವನ್ನು ಒತ್ತಬಾರದು. ಉಸಿರನ್ನು ಎಂದಿನಂತೆ ಹೊರಬಿಟ್ಟಾಗ ನೋಡಬೇಕು. ಹೊಟ್ಟೆ ಒಳಗೆಳೆದುಕೊಂಡು ನಿಂತರೆ ದಾರಕ್ಕೆ ಮೋಸವಾಗುವುದಿಲ್ಲ, ನಮಗೇ ಆಗುತ್ತದೆ. ಎರಡು ಸಲ ಅಳೆದು ಖಾತ್ರಿ ಮಾಡಿಕೊಂಡರೆ ಸಾಕು.

ಹುಡುಗನ ದಾರದ ತುದಿಗಳು ಕೂಡಲಿಲ್ಲ. ನಡುವೆ ಹೆಬ್ಬೆರಳಿನಷ್ಟು ಅಂತರ ಉಳಿಯಿತು. ಟೇಪು ಹಿಡಿದು ನೋಡಿದರೆ ಸೊಂಟ 88 ಸೆಂಟಿಮೀಟರ್. ಎತ್ತರದ ಅರ್ಧ 85.5.

ಇಲ್ಲಿ ಒಂದು ತೊಡಕು ಎದ್ದಿತು. ನಮ್ಮ ದೇಶದ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ಪ್ರಕಾರ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಜಗತ್ತಿಗೆಲ್ಲ ಬಳಸುವ 25 ಮತ್ತು 30ರ ಗೆರೆಗಳು ನಮಗೆ ಸಡಿಲವಾದವು ಎಂಬುದೇ ಈ ಬದಲಾವಣೆಯ ಕಾರಣ. ಈ ಬಿಗಿ ಲೆಕ್ಕದಲ್ಲೂ ಹುಡುಗ ಪಾಸು: 23ರೊಳಗೆ, 90ರೊಳಗೆ. ಫೇಲಾದದ್ದು ದಾರದ ಪರೀಕ್ಷೆಯಲ್ಲಿ ಮಾತ್ರ. ಇದೇ ಅರ್ಧದ ನಿಯಮವನ್ನು 2022ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ಸಾಮಾನ್ಯರಿಗೆ ಶಿಫಾರಸು ಮಾಡಿತು: ಎತ್ತರದ ಅರ್ಧದೊಳಗೆ ಇದ್ದರೆ ವಾಸಿ, 0.5ರಿಂದ ಅಪಾಯ ಹೆಚ್ಚು, 0.6 ಮುಟ್ಟಿದರೆ ಇನ್ನೂ ಹೆಚ್ಚು. ಗಂಡು ಹೆಣ್ಣಿಗೆ ಬೇರೆ ಅಂಕಿ ಬೇಡ, ದೇಶಕ್ಕೊಂದು ಅಂಕಿಯೂ ಬೇಡ. ಬಸುರಿಯರಿಗೆ ಮಾತ್ರ ಇದು ಅನ್ವಯಿಸದು.

ಮೂರು ಅಳತೆಗಳಲ್ಲಿ ಎರಡು ಹಸಿರು, ಒಂದು ಕೆಂಪು. ಪ್ರಾಜೆಕ್ಟಿನಲ್ಲಾದರೆ ಬಹುಮತಕ್ಕೆ ಬಿಟ್ಟು ಮೀಟಿಂಗ್ ಮುಗಿಸುವವರು ಇದ್ದಾರೆ. ಆದರೆ ಇವು ಮತ ಹಾಕುವ ಅಳತೆಗಳಲ್ಲ, ಜರಡಿಗಳು. ಜರಡಿಯ ಕೆಲಸ ಕಲ್ಲು ಯಾವುದು ಎಂದು ತೀರ್ಪು ಕೊಡುವುದಲ್ಲ. ಕೈಯಾಡಿಸಿ ನೋಡಬೇಕಾದದ್ದನ್ನು ಮೇಲೆ ಉಳಿಸುವುದು. ಒಂದು ಜರಡಿಯಲ್ಲಿ ಜಾರಿದ್ದು ಇನ್ನೊಂದರಲ್ಲಿ ಉಳಿದಿದ್ದರೆ ಅದನ್ನು ನೋಡಲೇಬೇಕು, ಅದರಲ್ಲೂ ಮನೆತನದಲ್ಲಿ ಸಕ್ಕರೆ, ಹೃದಯದ ಕಥೆ ಇರುವಾಗ.

ಜರಡಿ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ದೇಶದ ಮಟ್ಟದಲ್ಲೇ ನೋಡಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಸಲ ಸೊಂಟ ಮತ್ತು ಪೃಷ್ಠದ ಸುತ್ತಳತೆ ತೆಗೆದುಕೊಂಡರು. ಬಿಎಂಐ 25ರ ಗೆರೆ ದಾಟಿದವರು ಹೆಂಗಸರಲ್ಲಿ ಶೇ. 24, ಗಂಡಸರಲ್ಲಿ ಶೇ. 23. ಅದೇ ಸಮೀಕ್ಷೆಯಲ್ಲಿ ಸೊಂಟ-ಪೃಷ್ಠದ ಅನುಪಾತದಿಂದ ಅಪಾಯದ ಕಡೆಗೆ ಬಿದ್ದವರು ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 48. ಎರಡರ ನಡುವೆ ಉಳಿದ ಕೋಟ್ಯಂತರ ಜನ ನನ್ನ ಅಪ್ಪನಂಥವರು, ತಕ್ಕಡಿಯ ಮೇಲೆ ಯಾರೂ ಗುರುತಿಸದವರು. 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಬಳಗದ ತಜ್ಞರ ಆಯೋಗವೂ ಬಿಎಂಐ ಒಂದನ್ನೇ ನೋಡಿ ಬೊಜ್ಜನ್ನು ನಿರ್ಧರಿಸಬೇಡಿ, ಸೊಂಟದಂಥ ಇನ್ನೊಂದು ಅಳತೆ ಜೊತೆಗಿರಲಿ ಎಂದಿತು.

ಹುಡುಗನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. “ಮಾಮಾ, ಒಂದಿಂಚಿಗೆ ಯಾರರ ದವಾಖಾನಿಗೆ ಹೋಗ್ತಾರೇನ್ರಿ?” ಅಂದ. “ನಿಮ್ಮಜ್ಜ ಹೋಗಲಿಲ್ಲ ನೋಡು” ಎಂದಷ್ಟೇ ಹೇಳಿದೆ. ಸ್ವಲ್ಪ ಹೊತ್ತು ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದ. ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.9 ಬಂತು. 5.7ರ ಕೆಳಗೆ ಇರಬೇಕಾದದ್ದು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವಿನದು ಹೊಸ್ತಿಲು. 23ನೇ ವಯಸ್ಸಿನಲ್ಲಿ ಹೊಸ್ತಿಲ ಮೇಲೆ. 2023ರಲ್ಲಿ ಹೊರಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಹೊಸ್ತಿಲ ಮೇಲಿನವರು 13.6 ಕೋಟಿ. ಡಾಕ್ಟರು ಗುಳಿಗೆ ಕೊಡಲಿಲ್ಲ. “ಈ ವಯಸ್ಸಿನಲ್ಲಿ ಗೊತ್ತಾದದ್ದೇ ಒಳ್ಳೆಯದು, ಇಲ್ಲಿಂದ ಹಿಂದಕ್ಕೆ ಬರಬಹುದು” ಎಂದರು.

ತಕ್ಕಡಿ ಇನ್ನೊಂದು ದಿಕ್ಕಿಗೂ ತಪ್ಪುತ್ತದೆ. ನನ್ನ ಟೀಮಿನಲ್ಲಿ ಡೊಂಬಿವಲಿಯಿಂದ ಬರುವ ಹುಡುಗನೊಬ್ಬನಿದ್ದಾನೆ, ಕಾಲೇಜಿನಲ್ಲಿ ಕಬಡ್ಡಿ ಆಡಿದವನು, ಈಗಲೂ ವಾರಕ್ಕೆ ನಾಲ್ಕು ದಿನ ಅಂಗಳಕ್ಕೆ ಇಳಿಯುವವನು. 176 ಸೆಂಟಿಮೀಟರ್, 84 ಕಿಲೋ. ಬಿಎಂಐ 27, ವರದಿ ಕೆಂಪು. ಅವನಿಗೆ ಮಧ್ಯಾಹ್ನದ ಊಟ ಬಿಡುವ ಯೋಚನೆ ಬಂದಿತ್ತು. ಸೊಂಟ ಅಳೆದರೆ 82. ಎತ್ತರದ ಅರ್ಧಕ್ಕಿಂತ ಆರು ಸೆಂಟಿಮೀಟರ್ ಒಳಗೆ. ಅವನ ತೂಕ ತೊಡೆಯಲ್ಲಿ, ಬೆನ್ನಿನಲ್ಲಿ, ಭುಜದಲ್ಲಿದೆ. ಅದೇ ಟೇಬಲ್ಲಿನಲ್ಲಿ ಊಟ ಮಾಡುವ, ಹಸಿರು ವರದಿಯ ಇಬ್ಬರ ಹೊಟ್ಟೆ ಶರ್ಟಿನ ಗುಂಡಿಯನ್ನು ಎಳೆಯುತ್ತಿತ್ತು. ಊಟ ಬಿಡಬೇಕೆಂದುಕೊಂಡವನು ಇವನು.

ಅಳತೆ ಎಷ್ಟು ಸರಿ ಎಂಬುದಷ್ಟೇ ಪ್ರಶ್ನೆಯಲ್ಲ, ಅದು ಯಾರ ಕೈಯಲ್ಲಿದೆ ಎಂಬುದೂ ಪ್ರಶ್ನೆ. ನಾನು ಹಿಂದೆ ಇದ್ದ ಒಂದು ಕಂಪನಿಯ ಕ್ಯಾಂಪಿನಲ್ಲಿ ತೂಕ ನೋಡುವವರು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದರು, ಬರೆದುಕೊಳ್ಳುವವರು ಎರಡು ಟೇಬಲ್ ಆಚೆ ಕೂತಿದ್ದರಿಂದ. ಸಾಲಿನಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಮರುವರ್ಷ ನನ್ನ ಟೀಮಿನ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನ ಆ ದಿನ ರಜೆ ಹಾಕಿದರು. ನಮ್ಮಲ್ಲಿ ಹೆಣ್ಣುಮಕ್ಕಳ ಮೈಯನ್ನು ಅಳೆಯಲು ಮೊದಲೇ ಸಾಕಷ್ಟು ಜನ ಇದ್ದಾರೆ. ಮದುವೆಯ ಬಯೋಡೇಟಾ ಓದುವವರು, ಊರಿಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ ‘ದಪ್ಪಗಾದಿ’, ‘ಸೊರಗಿದಿ’ ಎನ್ನುವವರು. ಇನ್ನೊಂದು ಕೂಗುವ ಯಂತ್ರ ಬೇಡ. ದಾರದ ದೊಡ್ಡ ಗುಣ ನನಗೆ ಕಂಡದ್ದು ಇಲ್ಲಿ. ಬಾಗಿಲು ಹಾಕಿಕೊಂಡು ಒಬ್ಬರೇ ಅಳೆದುಕೊಳ್ಳಬಹುದು. ಅದರಲ್ಲಿ ಅಂಕಿಯೇ ಇಲ್ಲ, ಕೂಗುವುದೇನನ್ನು? ತುದಿ ಕೂಡಿತೋ ಇಲ್ಲವೋ, ಅಷ್ಟೇ. ಮತ್ತು ಬಿಗಿಯೊಂದೇ ದೋಷವಲ್ಲ. ಅದೇ ಸಮೀಕ್ಷೆಯಲ್ಲಿ ಹೆಂಗಸರಲ್ಲಿ ಶೇ. 18.7ರಷ್ಟು ಜನರ ತೂಕ ಇರಬೇಕಾದದ್ದಕ್ಕಿಂತ ಕಡಿಮೆ. ದಾರ ತೀರಾ ಸಡಿಲವಾಗಿ ತುದಿಗಳು ಒಂದರ ಮೇಲೊಂದು ಬಹಳ ದೂರ ಹೋದರೆ ಅದೂ ಡಾಕ್ಟರಿಗೆ ತೋರಿಸಬೇಕಾದ ಮಾತೇ.

ಊರು ಬಿಟ್ಟು ಬಂದ ಹುಡುಗರಿಗೆ ಮೊದಲ ನೌಕರಿಯ ಎರಡು-ಮೂರು ವರ್ಷವೇ ಈ ಅಳತೆಗೆ ಸರಿಯಾದ ಕಾಲ ಎಂದು ನನಗನ್ನಿಸುತ್ತದೆ. ಹಾಸ್ಟೆಲಿನಲ್ಲಿ ಆಡುತ್ತಿದ್ದ ಕ್ರಿಕೆಟ್ ನಿಂತಿರುತ್ತದೆ, ಲೋಕಲ್‌ನಲ್ಲಿ ಒಂದು ಗಂಟೆ, ಕುರ್ಚಿಯಲ್ಲಿ ಹತ್ತು ಗಂಟೆ, ರಾತ್ರಿ ಹನ್ನೊಂದಕ್ಕೆ ಊಟ, ನಡುವೆ ಸ್ಟೇಷನ್ನಿನ ವಡಾಪಾವ್ ಮತ್ತು ಕಟಿಂಗ್ ಚಹಾ. ತೂಕ ಹೆಚ್ಚೇನೂ ಏರುವುದಿಲ್ಲ. ಸ್ನಾಯು ಇಳಿದು ಹೊಟ್ಟೆ ಬಂದರೆ ತಕ್ಕಡಿಯ ಮುಳ್ಳು ಅಲ್ಲೇ ನಿಂತಿರುತ್ತದೆ. ಸಕ್ಕರೆ ಕಾಯಿಲೆ ಭಾರತೀಯರಿಗೆ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮುಂಚೆ ಬರುತ್ತದೆ ಎನ್ನುವಾಗ, ನಲವತ್ತಕ್ಕೆ ನೋಡೋಣ ಎಂದು ಕೂರುವಂತಿಲ್ಲ.

ಹುಡುಗ ಮಾಡಿದ್ದು ದೊಡ್ಡದೇನಲ್ಲ. ನೆರೂಳಿನಲ್ಲೇ ಇಳಿದು ಮನೆಯವರೆಗೆ ನಡೆದು ಬರತೊಡಗಿದ. ಸಂಜೆ ಏಳಕ್ಕೆ ಡಬ್ಬಿಯಲ್ಲಿ ಒಯ್ದ ಜೋಳದ ರೊಟ್ಟಿ-ಪಲ್ಯ ತಿಂದು ರಾತ್ರಿ ಊಟ ಕಡಿಮೆ ಮಾಡಿದ. ಭಾನುವಾರ ಕಬಡ್ಡಿ ಹುಡುಗನ ಜೊತೆ ವ್ಯಾಯಾಮ ಶುರುಮಾಡಿದ. ಆರು ತಿಂಗಳಿಗೆ ತೂಕ ಇಳಿದದ್ದು ಒಂದೇ ಕಿಲೋ. ಆದರೆ ಸೊಂಟ 85ಕ್ಕೆ ಬಂತು, ದಾರದ ತುದಿಗಳು ಕೂಡಿದವು. ಎಚ್‌ಬಿಎ1ಸಿ 5.7. ಇನ್ನೂ ಹೊಸ್ತಿಲ ಮೇಲೆಯೇ, ಆದರೆ ಮುಖ ಹೊರಗಡೆಗೆ.

ದೀಪಾವಳಿಗೆ ಊರಿಗೆ ಹೋದವನನ್ನು ನೋಡಿ ಅಕ್ಕ ನನಗೆ ಫೋನು ಮಾಡಿದಳು. “ಏನೋ ತಮ್ಮಾ, ಹುಡುಗಗ ಸರಿಯಾಗಿ ಉಣ್ಣಾಕ ಹಾಕ್ತೀರೋ ಇಲ್ಲೋ? ಮುಖ ನೋಡು, ಎಷ್ಟ ಇಳದೈತಿ!” ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಅವನ ದನಿ ಕೇಳಿತು: “ಯವ್ವಾ, ಫೋನ್ ಇಡು. ಸ್ವಲ್ಪ ಗ್ವಾಡಿಗೆ ನಿಂದ್ರು.” ಅರ್ಧ ಗಂಟೆ ಬಿಟ್ಟು ಅವನೇ ಫೋನು ಮಾಡಿದ. ಅಕ್ಕನ ದಾರದ ತುದಿಗಳ ನಡುವೆ ಒಂದು ಗೇಣು ಅಂತರ. ಸಕ್ಕರೆಯ ಗುಳಿಗೆ ನುಂಗುತ್ತ ಹತ್ತು ವರ್ಷ ಕಳೆದವಳು, ತನ್ನ ಸೊಂಟವನ್ನು ಯಾರೂ ಅಳೆದೇ ಇರಲಿಲ್ಲ ಅಂದಳಂತೆ. ಮೊದಲು ನಕ್ಕಳಂತೆ, ಆಮೇಲೆ ಸುಮ್ಮನಾದಳಂತೆ.

“ಮಾಮಾ, ಸೋಮವಾರ ಅಕೀನ್ನ ಕರಕೊಂಡು ಹುಬ್ಬಳ್ಳಿ ದವಾಖಾನಿಗೆ ಹೊಂಟೀನಿ. ರಜಾ ಎರಡ ದಿನ ಹೆಚ್ಚ ಹಾಕ್ತೀನಿ” ಅಂದ. ಆಗಲಿ ಅಂದೆ.